ತೆರೆಯ ಎಡಗಡೆ

ಇಸೋಗಾಯ್ ಡಾಕ್ಟರ ಮಾತು ಬಂದರೆ ನಮ್ಮ ಊರಿನವರು ಮೊದಲು ಹೇಳುವುದು ಅವರ ನಿಧಾನವನ್ನು. ಬಂದರಿನ ಹಿಂದಿನ ಬೀದಿಯ ಕ್ಷೌರದಂಗಡಿಯವರ ಮಗ. ಎದುರಂಗಡಿಯವನು ಮೂರು ತಲೆ ಮುಗಿಸುವಷ್ಟರಲ್ಲಿ ಇವರಪ್ಪ ಒಂದು ತಲೆಯ ಅರ್ಧಕ್ಕೆ ಬಂದಿರುತ್ತಿದ್ದರಂತೆ. ಮೀನುಗಾರರು ಕುರ್ಚಿಯಲ್ಲೇ ನಿದ್ದೆ ಹೋಗಿ, ಎದ್ದು, ಮತ್ತೆ ನಿದ್ದೆ ಹೋಗುತ್ತಿದ್ದರು. ಮಗ ಡಾಕ್ಟರಾದ, ಅದರಲ್ಲೂ ಚಾಕು ಹಿಡಿಯುವ ಡಾಕ್ಟರಾದ ಎಂದು ಗೊತ್ತಾದಾಗ, "ಇವ್ನು ಹೊಟ್ಟೆ ಹೊಲಿದು ಮುಗಿಸೋ ಹೊತ್ಗೆ ಒಳಗಿನ ಕಾಯಿಲೆ ಬೇಜಾರಾಗಿ ತಾನೇ ಹೊರಟುಹೋಗಿರುತ್ತೆ" ಎಂದು ಬೀದಿಯೆಲ್ಲ ನಕ್ಕಿತ್ತು.

ನಾನು ನಗಲಿಲ್ಲ. ನಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಗೆ ನಾನು ಹಿರಿಯ ದಾದಿಯಾಗಿದ್ದೆ. ಚುರುಕು ಕೈಯವರನ್ನು ಊರು ಹೊಗಳುತ್ತದೆ, ಆದರೆ ಅವರು ಹಾರಿಸಿ ಹೋದ ರಕ್ತ ಒರೆಸುವವಳು ನಾನಲ್ಲವೇ? ಇಸೋಗಾಯ್ ಕೆಲಸ ಮಾಡಿದ ದಿನ ನೆಲ ಒಣಗಿರುತ್ತಿತ್ತು. ಮನುಷ್ಯ ಒಂಟಿ. ಬಾಡಿಗೆ ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ಡಬ್ಬಿ ಇಟ್ಟುಕೊಂಡು, ಅದರ ತೂತುಗಳಲ್ಲಿ ಉದ್ದನೆಯ ಇಕ್ಕಳ ತೂರಿಸಿ, ಒಳಗೆ ಕೋಳಿಯ ಚರ್ಮ ಇಟ್ಟು ಹೊಲಿಯುತ್ತಿದ್ದರು. ಹೊಲಿದು ಮುಗಿದ ಮೇಲೆ ದಾರ ಬಿಚ್ಚಿ, ಚರ್ಮವನ್ನು ಸುಟ್ಟು ಉಪ್ಪು ಹಾಕಿ ತಿನ್ನುತ್ತಿದ್ದರು. "ಡಾಕ್ಟ್ರೇ, ನಿಮಗೆ ಹೆಣ್ಣು ಕೊಡೋರು ಯಾರು ಹೇಳಿ" ಎಂದು ನಾನು ಕೀಟಲೆ ಮಾಡಿದರೆ ಕನ್ನಡಕ ತೆಗೆದು ಒರೆಸುತ್ತ ನಿಂತುಬಿಡುತ್ತಿದ್ದರು.

ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಕಾಲ ಈಗ ಇಲ್ಲ. ನಾಲ್ಕೈದು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಲ್ಲಿ ಇಕ್ಕಳ, ಕತ್ತರಿ ತೂರಿಸಿ, ತೆರೆ ನೋಡಿಕೊಂಡು ಕೆಲಸ ಮಾಡುವುದು. ಆ ಕೆಲಸದಲ್ಲಿ ಕೈ ಪಳಗಿದೆಯೇ ಎಂದು ನಮ್ಮಲ್ಲಿ ಪರೀಕ್ಷೆ ಮಾಡುವುದೂ ವಿಡಿಯೋ ನೋಡಿಯೇ. ಒಂದು ಶಸ್ತ್ರಚಿಕಿತ್ಸೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ತುಂಡರಿಸದೆ, ಧ್ವನಿ ತೆಗೆದು, ಹೆಸರು ಅಳಿಸಿ ಕಳಿಸಬೇಕು. ಎಲ್ಲೋ ದೂರದ ಊರಿನ ಇಬ್ಬರು ಹಿರಿಯ ಡಾಕ್ಟರು ಅದನ್ನು ನೋಡಿ ಅಂಕ ಹಾಕುತ್ತಾರೆ. ಕಳಿಸಿದವರು ಯಾರೆಂದು ಅವರಿಗೆ ಗೊತ್ತಿರುವುದಿಲ್ಲ. ಬಲಗಡೆಯಿಂದ ಬರುವ ಇಕ್ಕಳ ಪರೀಕ್ಷೆಗೆ ಕೂತವನದು, ಎಡಗಡೆಯಿಂದ ಬರುವುದು ಸಹಾಯಕ್ಕೆ ನಿಂತವರದು. ಅವರಿಗೆ ಕಾಣುವುದು ಅಷ್ಟೇ. ಹತ್ತು ಜನ ಕಳಿಸಿದರೆ ತೇರ್ಗಡೆಯಾಗುವವರು ಇಬ್ಬರೋ ಮೂವರೋ.

ಇಸೋಗಾಯ್ ಎಡಗಡೆಗೆ ನಿಲ್ಲುತ್ತಿದ್ದವರು ಉಕಿತಾ ಸೆನ್ಸೇ. ಡಾಕ್ಟರಿಗೂ ನಾವು ಸೆನ್ಸೇ ಎನ್ನುತ್ತೇವೆ, ಗುರುವಿಗೂ ಸೆನ್ಸೇ ಎನ್ನುತ್ತೇವೆ. ಇಸೋಗಾಯ್‌ಗೆ ಅವರು ಎರಡೂ ಆಗಿದ್ದರು. ಚಾಕು ಹಿಡಿಯುವುದರಿಂದ ಹಿಡಿದು ರೋಗಿಯ ಮನೆಯವರ ಎದುರು ಎಷ್ಟು ಬಗ್ಗಬೇಕು ಎನ್ನುವವರೆಗೆ ಎಲ್ಲವನ್ನೂ ಕಲಿಸಿದವರು ಅವರೇ. ಮಕ್ಕಳಿರಲಿಲ್ಲ. ಭಾನುವಾರವಾದರೆ ಇಸೋಗಾಯ್ ಊಟ ಅವರ ಮನೆಯಲ್ಲಿ.

ಉಕಿತಾ ಸೆನ್ಸೇಗೆ ಒಂದು ಅಭ್ಯಾಸವಿತ್ತು. ಶಿಷ್ಯ ಎಲ್ಲಿ ಕತ್ತರಿಸಬೇಕೋ ಅಲ್ಲಿ ತಮ್ಮ ಇಕ್ಕಳದ ತುದಿಯಿಂದ ಮೆಲ್ಲಗೆ ಎರಡು ಸಲ ತಟ್ಟುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ತಟ್ಟುವುದು ಅಷ್ಟೇ. ಮನೆಯಲ್ಲೂ ಹಾಗೆಯೇ. ಮೀನು ಬಡಿಸಿದರೆ ಅದರ ಯಾವ ಜಾಗದ ಮಾಂಸ ರುಚಿ ಎಂದು ಇನ್ನೊಬ್ಬರ ತಟ್ಟೆಗೆ ತಮ್ಮ ಊಟದ ಕಡ್ಡಿ ಚಾಚಿ ತಟ್ಟಿ ತೋರಿಸುತ್ತಿದ್ದರು. ಅದು ನಮ್ಮಲ್ಲಿ ಬಲು ಕೆಟ್ಟ ನಡತೆ. ಹೆಂಡತಿ ಫುಮಿಯೆ ಮದುವೆಯಾದಂದಿನಿಂದ ಬೈದು ಬೈದು ಸೋತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಇಸೋಗಾಯ್ ಮೊದಲ ಸಲ ವಿಡಿಯೋ ಕಳಿಸಿದಾಗ ಫೇಲಾಯಿತು. ಪರೀಕ್ಷಕರು ಬರೆದಿದ್ದು ಒಂದೇ ಸಾಲು. ಕೈ ಚೆನ್ನಾಗಿದೆ, ಆದರೆ ತೀರ್ಮಾನ ಸಹಾಯಕನದು, ಅರ್ಜಿದಾರನದಲ್ಲ. ಎರಡನೆಯ ಸಲವೂ ಅದೇ ಮಾತು. ಒಳ್ಳೆಯದು ಮಾಡಲು ಹೋದ ಗುರುವಿನ ಕೈಯೇ ಶಿಷ್ಯನಿಗೆ ಅಡ್ಡವಾಗಿತ್ತು. ಅದನ್ನು ಓದಿದ ದಿನ ಉಕಿತಾ ಸೆನ್ಸೇ ಕೈ ತೊಳೆಯುವ ಜಾಗದಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. "ಕುಶಿದಾ ಸಾನ್, ಮುಂದಿನ ಸಲ ನನ್ನ ಎಡಗೈ ಅಲ್ಲಾಡಿದ್ರೆ ಮಣಿಕಟ್ಟಿಗೆ ಹೊಡೀರಿ" ಎಂದರು. ಕುಶಿದಾ ಎಂದರೆ ನಾನು, ಸಾನ್ ಎನ್ನುವುದು ನಮ್ಮಲ್ಲಿ ಮರ್ಯಾದೆಗೆ. ನಾನು ಎರಡು ಸಲ ಹೊಡೆದೆ ಕೂಡ. ಏನೂ ಉಪಯೋಗವಾಗಲಿಲ್ಲ. ಪಾಸಾದರೆ, ನಮ್ಮ ಆಸ್ಪತ್ರೆಗೆ ಡಾಕ್ಟರನ್ನು ಕಳಿಸುವ ವಿಶ್ವವಿದ್ಯಾಲಯದವರು ಹುಡುಗನನ್ನು ದೊಡ್ಡ ಊರಿಗೆ ವರ್ಗ ಮಾಡಿಬಿಡುತ್ತಾರೆ ಎಂಬ ಹೆದರಿಕೆ ಆ ಕೈಯೊಳಗೆ ಕೂತಿತ್ತೋ ಏನೋ. ಇದು ನನ್ನ ಅನುಮಾನ, ಸತ್ತವರ ಮೇಲೆ ಹೊರಿಸುವ ಮಾತಲ್ಲ.

ಆ ಚಳಿಗಾಲ ಅಂಗಳದ ಹಿಮ ಸರಿಸುತ್ತಿದ್ದ ಉಕಿತಾ ಸೆನ್ಸೇ ಸಲಿಕೆ ಹಿಡಿದುಕೊಂಡೇ ಕುಸಿದರು. ಫುಮಿಯೆ ಒಳಗೆ ಮೂಲಂಗಿ ಬೇಯಿಸುತ್ತಿದ್ದರು. ಹೊರಗೆ ಸಲಿಕೆಯ ಸದ್ದು ನಿಂತದ್ದನ್ನು ಕೇಳಿ, ಮುಗಿಯಿತು, ಈಗ ಚಹಾಕ್ಕೆ ಬರುತ್ತಾರೆ ಎಂದುಕೊಂಡು ನೀರು ಕಾಯಲು ಇಟ್ಟರಂತೆ.

ಇಸೋಗಾಯ್ ಅಂತ್ಯಸಂಸ್ಕಾರದಲ್ಲಿ ಅಳಲಿಲ್ಲ. ಮಾರನೆಯ ವಾರ ಕೆಲಸಕ್ಕೆ ಬಂದರು, ಕೋಳಿ ಚರ್ಮದ ಕಥೆಗೆ ನಕ್ಕರು ಕೂಡ. ತೊಂದರೆ ಇರುವುದು ನನಗೆ ಗೊತ್ತಾದದ್ದು ವಿಡಿಯೋ ಕೋಣೆಯಲ್ಲಿ. ಬಟ್ಟೆ ಜೋಡಿಸುವ ಕೋಣೆಯ ಪಕ್ಕ ಒಂದು ಕಿಷ್ಕಿಂಧೆ ಇದೆ, ಹಳೆಯ ಶಸ್ತ್ರಚಿಕಿತ್ಸೆಗಳ ವಿಡಿಯೋಗಳೆಲ್ಲ ಅಲ್ಲಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರೆ ಇವರು ಅಲ್ಲಿ ಕೂರುತ್ತಿದ್ದರು. ಒಂದು ದಿನ ಹಸಿರು ಬಟ್ಟೆ ಎಣಿಸಲು ಹೋದವಳು ಬಾಗಿಲಲ್ಲಿ ನಿಂತೆ. ಅನ್ನದ ಉಂಡೆ ಬಿಚ್ಚದೆ ತೊಡೆಯ ಮೇಲೆ ಇತ್ತು. ತೆರೆಯ ಮೇಲೆ ಯಾರದೋ ಕರುಳು.

"ಕುಶಿದಾ ಸಾನ್, ನೋಡಿ. ಈಗ ಬರ್ತಾರೆ" ಎಂದರು, ತಿರುಗಿ ನೋಡದೆ.

ಎಡಗಡೆಯಿಂದ ಇಕ್ಕಳ ಬಂತು. ಹಳದಿ ಕೊಬ್ಬಿನ ಮೇಲೆ ಎರಡು ಸಲ ತಟ್ಟಿತು, ಸದ್ದಿಲ್ಲದೆ. ನಾನು ಎಷ್ಟೋ ಸತ್ತವರ ಫೋಟೋ ನೋಡಿದ್ದೇನೆ. ಮುಖ ಕಂಡರೆ ಅಳು ಬರುತ್ತದೆ, ಸತ್ತಿದ್ದಾರೆ ಎನ್ನುವುದು ಆ ಮುಖದಲ್ಲೇ ಇರುತ್ತದೆ. ಇಕ್ಕಳದ ತುದಿಗೆ ಸಾವು ಎಲ್ಲಿಂದ ಬರಬೇಕು? ಅದು ಈಗಷ್ಟೇ ಯಾರೋ ಹಿಡಿದಿರುವ ಹಾಗೆ ಅಲ್ಲಾಡುತ್ತದೆ. ನನಗೆ ಸಿಟ್ಟು ಬಂತು. ಊಟ ಮಾಡಿ ಸೆನ್ಸೇ, ಅನ್ನ ಒಣಗ್ತಿದೆ ಎಂದು ಬೈದು ದೀಪ ಹಾಕಿದೆ.

ನೋಡಿದ್ದು ತೆರೆಯ ಮೇಲೆಯೇ ಉಳಿದಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಅದು ಅವರ ಕೈಗೆ ಇಳಿಯಿತು. ಸಹಾಯಕ್ಕೆ ಸೆನೋ ಎಂಬ ಡಾಕ್ಟರಮ್ಮ ನಿಲ್ಲತೊಡಗಿದ್ದರು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಎಡಗಡೆಯ ಇಕ್ಕಳ ಈಗ ಅವರದು. ಅದು ಹಿಡಿಯಬೇಕಾದದ್ದನ್ನು ಹಿಡಿದು ಅಲ್ಲಾಡದೆ ನಿಲ್ಲುತ್ತಿತ್ತು. ಇಸೋಗಾಯ್ ಕತ್ತರಿಸಬೇಕಾದ ಜಾಗದವರೆಗೆ ಸರಾಗವಾಗಿ ಹೋಗಿ ಅಲ್ಲಿ ನಿಂತುಬಿಡುತ್ತಿದ್ದರು. ಕಣ್ಣು ಕತ್ತರಿಯ ಮೇಲಲ್ಲ, ತೆರೆಯ ಎಡ ಅಂಚಿನ ಮೇಲೆ. ಆಮೇಲೆ ಏನೋ ಕಂಡವರ ಹಾಗೆ ತಲೆಯಾಡಿಸಿ ಕತ್ತರಿಸುತ್ತಿದ್ದರು.

ವಸಂತದಲ್ಲಿ ಒಂದು ದಿನ ಆ ನಿಲುಗಡೆ ಬಹಳ ದೀರ್ಘವಾಯಿತು. ಸೆನೋ ಮೆತ್ತಗೆ, ಯಾಕೆ ಸೆನ್ಸೇ, ಏನಾದರೂ ಕಾಣ್ತಿಲ್ವಾ ಎಂದು ಕೇಳಿದರು.

"ಇನ್ನೂ ತೋರಿಸಿಲ್ಲ" ಎಂದರು ಇಸೋಗಾಯ್.

ಯಾರು ಎಂದು ಯಾರೂ ಕೇಳಲಿಲ್ಲ. ಅರಿವಳಿಕೆಯವರು ತಮ್ಮ ಯಂತ್ರದಿಂದ ತಲೆ ಎತ್ತಿದರು. ಎಳೆದು ಹಿಡಿದಿದ್ದ ಜಾಗದಲ್ಲಿ ಅಷ್ಟರಲ್ಲಿ ಒಂದು ಸಣ್ಣ ನಾಳ ಹರಿದು ತೆರೆಯೆಲ್ಲ ಕೆಂಪಾಯಿತು. ಸೆನೋ ಒತ್ತಿ ಹಿಡಿದರು, ರೋಗಿಗೆ ಏನೂ ಆಗಲಿಲ್ಲ. ಆದರೆ ವಿಡಿಯೋಗೆ ದಾಕ್ಷಿಣ್ಯವಿಲ್ಲ. ಮುಖ್ಯಸ್ಥ ಹನಾವಾ ಸೆನ್ಸೇ ಅದನ್ನು ತರಿಸಿಕೊಂಡು ನೋಡಿದರು. ಅವರು ಕೆಟ್ಟವರಲ್ಲ, ಸುತ್ತು ಬಳಸಿ ಮಾತಾಡುವವರೂ ಅಲ್ಲ. ಇಸೋಗಾಯ್ ಅವರನ್ನು ಕರೆದು, ಇದು ಪರೀಕ್ಷೆಯ ಮಾತಲ್ಲ ಈಗ, ಯಾರೂ ಇಲ್ಲದ ಕಡೆ ನೋಡುವ ಕೈಗೆ ನಾನು ಮನುಷ್ಯರನ್ನು ಒಪ್ಪಿಸಲಾರೆ ಎಂದರಂತೆ. ಇನ್ನೊಂದೇ ಸಲ ಅವಕಾಶ, ಅದೂ ಹನಾವಾ ಸೆನ್ಸೇ ಪಕ್ಕದಲ್ಲಿ ನಿಂತಿರುವಾಗ. ಆ ವಿಡಿಯೋ ಪರೀಕ್ಷೆಗೂ ಹೋಗಲಿ. ಹನಾವಾ ಸೆನ್ಸೇ ಕೈ ಹಾಕಬೇಕಾಗಿ ಬಂದರೆ ಇಸೋಗಾಯ್ ಇನ್ನು ಮೇಲೆ ಔಷಧಿ ಚೀಟಿ ಬರೆದುಕೊಂಡು ಹೊರಗೆ ಕೂರಬೇಕು, ಒಳಗೆ ಚಾಕು ಹಿಡಿಯುವಂತಿಲ್ಲ.

ಇಸೋಗಾಯ್ ತಲೆ ಬಗ್ಗಿಸಿ ಹೊರಗೆ ಬಂದರು. ಚಾಕು ಬಿಟ್ಟರೆ ಅವರಿಗೆ ಜೀವನದಲ್ಲಿ ಇದ್ದದ್ದಾದರೂ ಏನು, ಕೋಳಿ ಚರ್ಮವೇ?

ಉಕಿತಾ ಸೆನ್ಸೇ ತೀರಿಕೊಂಡ ತಾರೀಕು ಪ್ರತಿ ತಿಂಗಳೂ ಬಂದಾಗ ಇಸೋಗಾಯ್ ಅವರ ಮನೆಗೆ ಹೋಗಿ ಊದುಕಡ್ಡಿ ಹಚ್ಚಿ ಬರುತ್ತಿದ್ದರು. ಆ ತಿಂಗಳು ನಾನೂ ಜೊತೆಗೆ ಹೋದೆ. ದೇವರ ಗೂಡಿನಲ್ಲಿ ಸೆನ್ಸೇ ಫೋಟೋ, ಮುಂದೆ ಸಣ್ಣ ಬಟ್ಟಲಿನಲ್ಲಿ ಹಬೆಯಾಡುವ ಅನ್ನ, ಊಟದ ಕಡ್ಡಿಗಳು. ಫುಮಿಯೆ ಚಹಾ ಸುರಿಯುತ್ತಿದ್ದರು. ಇಸೋಗಾಯ್ ಊದುಕಡ್ಡಿಯ ಹೊಗೆ ನೋಡುತ್ತಲೇ, ನಡೆದದ್ದನ್ನೆಲ್ಲ ಹೇಳಿದರು. ಸೆನ್ಸೇ ಎಡಗಡೆಗೆ ಈಗಲೂ ಬರುತ್ತಾರೆ, ತೋರಿಸುತ್ತಾರೆ, ಕೆಲವು ಸಲ ತಡ ಮಾಡುತ್ತಾರೆ, ತಡ ಮಾಡಿದಾಗ ನನ್ನ ಕೈ ಓಡುವುದಿಲ್ಲ ಎಂದರು. ಫುಮಿಯೆ ಬಗ್ಗಿಸಿದ ಹೂಜಿಯನ್ನು ಹಾಗೆಯೇ ಹಿಡಿದರು.

"ಬರ್ತಾರಾ?" ಎಂದರು. "ಹೇಗಿದಾರೆ? ಚೆನ್ನಾಗಿದಾರಾ?"

"ತುದಿ ಮಾತ್ರ ಕಾಣೋದು, ಓಕುಸಾನ್." ಗುರುಪತ್ನಿಯನ್ನು ಅವರು ಯಾವಾಗಲೂ ಕರೆಯುತ್ತಿದ್ದುದು ಹಾಗೆಯೇ, ಮನೆಯೊಡತಿ ಎಂದು. "ಆದ್ರೆ ಕೈ ನಡುಗ್ತಿಲ್ಲ. ಚೆನ್ನಾಗೇ ಇದಾರೆ."

ಸತ್ತವರ ಕ್ಷೇಮಸಮಾಚಾರವನ್ನು ಇಬ್ಬರೂ ಹೀಗೆ ವಿಚಾರಿಸುತ್ತ ಕೂತಿದ್ದನ್ನು ನೋಡಿ ನನಗೆ ಎದ್ದು ಓಡೋಣ ಎನ್ನಿಸಿತು. ಬಟ್ಟಲು ತುಂಬಿ ಚಹಾ ಚಾಪೆಗೆ ಹರಿಯಿತು. ನಾನೇ ಒರೆಸಿದೆ.

ಬೇಸಿಗೆ ಮುಗಿಯುವ ಮೊದಲು ಫುಮಿಯೆಗೇ ಕಾಯಿಲೆ ಎಂದು ಗೊತ್ತಾಯಿತು. ವರ್ಷಕ್ಕೊಮ್ಮೆ ಊರಿನವರಿಗೆಲ್ಲ ಮಾಡುವ ತಪಾಸಣೆಯಲ್ಲಿ ಮಲದಲ್ಲಿ ರಕ್ತ ಕಂಡಿತು, ಒಳಗೆ ಕ್ಯಾಮೆರಾ ಹಾಕಿ ನೋಡಿದರೆ ದೊಡ್ಡ ಕರುಳಿನ ಕೊನೆಯ ತಿರುವಿನಲ್ಲಿ ಗಡ್ಡೆ. ಬೇಗ ಸಿಕ್ಕಿತ್ತು, ತೆಗೆದರೆ ಬದುಕುತ್ತಾರೆ. ಹನಾವಾ ಸೆನ್ಸೇ ತಾವೇ ಮಾಡುತ್ತೇನೆ ಎಂದರು, ಬೇಕಾದರೆ ದೊಡ್ಡ ಊರಿಗೆ ಕಳಿಸುತ್ತೇನೆ ಎಂದರು. ಫುಮಿಯೆ ತಲೆಯಾಡಿಸಿ, ಇಸೋಗಾಯ್ ಮಾಡಲಿ, ವಿಡಿಯೋವನ್ನೂ ಪರೀಕ್ಷೆಗೆ ಕಳಿಸಲಿ, ಎಲ್ಲಿ ಬೇಕೋ ಅಲ್ಲಿ ಒಪ್ಪಿಗೆಯ ಮುದ್ರೆ ಒತ್ತುತ್ತೇನೆ ಎಂದುಬಿಟ್ಟರು.

ನಾನು ವಾರ್ಡಿಗೆ ಹೋಗಿ ಬಾಗಿಲು ಎಳೆದು ಜಗಳಕ್ಕೇ ಕೂತೆ. ಶಿಷ್ಯನ ಮೇಲಿನ ಮಮತೆಗೆ ಹೊಟ್ಟೆ ಒಡ್ಡುವ ವಯಸ್ಸೇ ಇದು, ಅವರ ಕೈ ಈಗ ಸರಿ ಇಲ್ಲ, ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ.

"ಗೊತ್ತು" ಎಂದರು ಫುಮಿಯೆ. "ಅದಕ್ಕೇ."

ಶಿಷ್ಯನನ್ನು ಉಳಿಸಲು ಎಂದು ನಾನು ಅರ್ಥ ಮಾಡಿಕೊಂಡೆ. ಇಂಥ ಹೆಂಗಸೂ ಇರುತ್ತಾಳೆಯೇ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಇಸೋಗಾಯ್ ಮಾತ್ರ ಆಗುವುದಿಲ್ಲ ಎಂದು ಗೋಗರೆದರು. ಕೊನೆಗೆ ಫುಮಿಯೆ ಹಾಸಿಗೆಯ ಮೇಲೆ ಮಂಡಿಯೂರಿ ಹಣೆ ತಾಗಿಸಿ ಬೇಡಿಕೊಂಡ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಆ ದಿನ ನಾನೇ ಇಕ್ಕಳ ಕೊಡಲು ನಿಂತೆ. ಸೆನೋ ಎಡಗಡೆಗೆ. ಹನಾವಾ ಸೆನ್ಸೇ ಗೌನು, ಕೈಗವಸು ಹಾಕಿಕೊಂಡು, ಎರಡೂ ಕೈಗಳನ್ನು ಎದೆಯ ಮುಂದೆ ಹೆಣೆದುಕೊಂಡು ಗೋಡೆಯ ಹತ್ತಿರ ನಿಂತರು. ಒಂದು ಹೆಜ್ಜೆ ಇಟ್ಟರೆ ಮೇಜು. ಆ ಹೆಜ್ಜೆ ಇಟ್ಟರೆ ಇಸೋಗಾಯ್ ಬದುಕು ಮುಗಿಯಿತು, ಇಡಬೇಕಾದ ಹೊತ್ತಿನಲ್ಲಿ ಇಡದಿದ್ದರೆ ಫುಮಿಯೆ ಬದುಕು. ಹಸಿರು ಬಟ್ಟೆ ಹೊದಿಸಿದ ಮೇಲೆ ಮೇಜಿನ ಮೇಲೆ ಮಲಗಿದವರು ಯಾರೆಂದು ಕಾಣುವುದಿಲ್ಲ, ಚೌಕಾಕಾರದ ಹೊಟ್ಟೆ ಮಾತ್ರ ಕಾಣುತ್ತದೆ. ಆದರೂ ಅದು ಯಾರ ಹೊಟ್ಟೆ ಎನ್ನುವುದನ್ನು ಒಬ್ಬರೂ ಮರೆಯಲಿಲ್ಲ.

ಶುರುವಿನ ಕೆಲಸ ಚೆನ್ನಾಗಿ ನಡೆಯಿತು. ಕರುಳನ್ನು ಎತ್ತಿ ಹಿಡಿದು, ಹಿಂದಿನ ಪದರವನ್ನು ಬಿಡಿಸುತ್ತ ಇಸೋಗಾಯ್ ತಮ್ಮ ನಿಧಾನದಲ್ಲೇ ಮೇಲಕ್ಕೆ ಹೋದರು. ಕಷ್ಟದ ಜಾಗ ಒಂದಿದೆ. ಕರುಳಿಗೆ ರಕ್ತ ತರುವ ನಾಳ ಮಹಾಧಮನಿಯಿಂದ ಕವಲೊಡೆಯುವ ಬುಡ. ಅದನ್ನು ಬಿಡಿಸಿ, ಕಟ್ಟಿ, ಕತ್ತರಿಸಬೇಕು. ಒಂದು ಪದರ ಆಚೆ ಹೋದರೆ ನರಗಳು, ಮೂತ್ರನಾಳ. ಈಚೆ ಬಂದರೆ ನಿಲ್ಲಿಸಲಾಗದ ರಕ್ತ. ಉಕಿತಾ ಸೆನ್ಸೇ ಇದ್ದಾಗ ತಪ್ಪದೆ ತಟ್ಟಿ ತೋರಿಸುತ್ತಿದ್ದದ್ದು ಅಲ್ಲಿಯೇ.

ಇಸೋಗಾಯ್ ಅಲ್ಲಿಗೆ ಬಂದು ನಿಂತರು. ಕಣ್ಣು ಎಡ ಅಂಚಿಗೆ ಹೋಯಿತು.

ಕೋಣೆಯಲ್ಲಿ ಹೃದಯದ ಬಡಿತ ಹೇಳುವ ಯಂತ್ರದ ಸದ್ದು ಬಿಟ್ಟರೆ ಏನಿಲ್ಲ. ಸೆನೋ ಹಿಡಿದ ಇಕ್ಕಳ ಹಿಡಿದಲ್ಲೇ ಇತ್ತು. ಇಸೋಗಾಯ್ ಮುಖಗವಸಿನ ಹಿಂದೆ ತುಟಿ ಅಲ್ಲಾಡುವುದು ನನಗೆ ಕಂಡಿತು, ಏನನ್ನೋ ಕೇಳಿಕೊಳ್ಳುವವರ ಹಾಗೆ. ಹನಾವಾ ಸೆನ್ಸೇ ಹೆಣೆದ ಕೈ ಬಿಡಿಸಿದರು. ನನ್ನ ಪಕ್ಕದಿಂದ ಅವರ ಗೌನಿನ ಸರಪರ ಕೇಳಿತು. ಸೆನ್ಸೇ, ಸತ್ತವರನ್ನು ಬಿಟ್ಟು ಬದುಕಿರುವವರನ್ನು ನೋಡಿ ಎಂದು ಕಿರುಚಬೇಕು ಅನ್ನಿಸಿತು. ಆಗ ಇಸೋಗಾಯ್ ಒಮ್ಮೆ ತಲೆಯಾಡಿಸಿದರು. ಹಾ, ಬಂದರು, ಕಂಡಿತು ಎನ್ನುವ ಅದೇ ತಲೆಯಾಡಿಕೆ. ಕತ್ತರಿ ಮುಂದೆ ಹೋಯಿತು. ಹೋದದ್ದು ಮತ್ತೆ ನಿಂತಿತು. ಅವರು ಕಣ್ಣು ಕಿರಿದು ಮಾಡಿ, ಮೊದಲ ಸಲ ನೋಡುವವರ ಹಾಗೆ ತೆರೆಯ ನಡುಮಧ್ಯವನ್ನು ನೋಡಿದರು. ಆಮೇಲೆ ಕತ್ತರಿಯನ್ನು ಹಿಂದಕ್ಕೆಳೆದು, ಸ್ವಲ್ಪ ಕೆಳಗೆ ಬೇರೆಯೇ ಒಂದು ಜಾಗದಲ್ಲಿ ಪದರ ಬಿಡಿಸಿದರು. ಆಮೇಲೆ ಎಲ್ಲೂ ನಿಲ್ಲಲಿಲ್ಲ. ನಾಳದ ಬುಡ ತೊಳೆದಿಟ್ಟ ಹಾಗೆ ಬೆಳ್ಳಗೆ ಎದ್ದು ಕಂಡಿತು. ಹನಾವಾ ಸೆನ್ಸೇ ಕೈಗಳನ್ನು ಮತ್ತೆ ಹೆಣೆದುಕೊಂಡರು.

ಆ ವಿಡಿಯೋ ತೇರ್ಗಡೆಯಾಯಿತು, ಇಸೋಗಾಯ್ ಈಗ ದೊಡ್ಡ ಊರಿನಲ್ಲಿದ್ದಾರೆ, ಇದೆಲ್ಲ ನಮ್ಮ ಊರಿಗೆ ಗೊತ್ತು. ಕ್ಷೌರದಂಗಡಿಯ ಮುಂದೆ ಅಕ್ಕಪಕ್ಕದವರು ಸಾಕೆ ಎನ್ನುವ ಅಕ್ಕಿಯ ಮದ್ಯ ಹಂಚಿ ಕುಡಿದರು. ಊರಿಗೆ ಗೊತ್ತಿಲ್ಲದ್ದು ಅದನ್ನು ಪರೀಕ್ಷಕರಿಗಿಂತ ಮೊದಲು ನೋಡಿದವರ ಸಂಗತಿ.

ಫುಮಿಯೆ ಗಂಜಿ ಕುಡಿಯುವಷ್ಟು ಚೇತರಿಸಿಕೊಂಡಿದ್ದರು. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಗಾಯ ನೋಡಲು ಬಂದ ಇಸೋಗಾಯ್ ಹೊರಡುವಾಗ ಫುಮಿಯೆ ಅವರ ಬಿಳಿ ಕೋಟಿನ ತುದಿ ಹಿಡಿದುಕೊಂಡರು.

"ಬಂದಿದ್ರಾ?"

ಇಸೋಗಾಯ್ ನನ್ನ ಮುಖ ನೋಡಿದರು. ಹೂಂ ಅನ್ನಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಒಂದು ಸುಳ್ಳಿಗೆ ಎಷ್ಟು ತೂಕ? ಆದರೆ ಆ ಮನುಷ್ಯನಿಗೆ ಅದೂ ಬರುವುದಿಲ್ಲ.

"ಇಲ್ಲ ಓಕುಸಾನ್. ಬರ್ಲಿಲ್ಲ."

ನಾನು ಅವರು ಸಮಾಧಾನಪಡುತ್ತಾರೆ ಎಂದುಕೊಂಡಿದ್ದೆ. ಶಿಷ್ಯನನ್ನು ಭೂತದ ಕೈಯಿಂದ ಬಿಡಿಸಲು ತಾನೇ ಮೇಜಿನ ಮೇಲೆ ಮಲಗಿದ ಹೆಂಗಸು. ಫುಮಿಯೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಭುಜ ಅಲುಗುತ್ತಿತ್ತು. ಹೊಲಿಗೆ ಹಾಕಿದ ಹೊಟ್ಟೆ, ಅಳುವುದೂ ನೋವು.

"ಮನೆಗೆ ಒಂದ್ಸಲಾನೂ ಬಂದಿಲ್ಲ, ಕುಶಿದಾ ಸಾನ್" ಎಂದರು ಗೋಡೆಗೇ. "ಕನಸಲ್ಲೂ ಬಂದಿಲ್ಲ. ದಿನಾ ಬಿಸಿ ಅನ್ನ ಇಡ್ತೀನಿ. ಕಡ್ಡಿ ಇಟ್ಟಲ್ಲೇ ಇರುತ್ತೆ. ಇವರ ಕೈಗಾದ್ರೆ ಬರ್ತಾರಂತೆ, ತೋರಿಸ್ತಾರಂತೆ. ಯಾರ್ಯಾರದೋ ಹೊಟ್ಟೆಗೆಲ್ಲ ಬರೋರು, ನನ್ನ ಹೊಟ್ಟೆ ಅಂದ್ಮೇಲೆ ಬಂದೇ ಬರ್ತಾರೆ ಅಂದ್ಕೊಂಡೆ."

ಅದಕ್ಕೇ ಎಂದು ಅವರು ಅಂದು ಹೇಳಿದ್ದರ ಅರ್ಥ ನನಗೆ ಆಗ ಹೊಳೆಯಿತು. ಮನಸ್ಸಿನಲ್ಲಿ ಮುಗಿದಿದ್ದ ಕೈ ಹಾಗೆಯೇ ನಿಂತುಹೋಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬರಿಯ ಸಂಕಟವಾಯಿತು. ಗಂಡನನ್ನು ಒಮ್ಮೆ ಹತ್ತಿರಕ್ಕೆ ಕರೆಸಿಕೊಳ್ಳಲು ಈಕೆ ತನ್ನ ಕರುಳನ್ನೇ ಎಡೆಯಿಟ್ಟಿದ್ದಳು.

"ನನಗೆ ತೋರ್ಸಿ" ಎಂದರು ಫುಮಿಯೆ. "ನಿಮಗೆ ಕಾಣದೆ ಇದ್ದಿರಬಹುದು. ನನಗೆ ಅವರ ಕೈ ಗೊತ್ತು."

ಬೇಡ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಇಸೋಗಾಯ್ ಹೋಗಿ ಲ್ಯಾಪ್‌ಟಾಪ್ ತಂದು ಊಟದ ಹಲಗೆಯ ಮೇಲೆ ಇಟ್ಟರು. ನಾನು ಪರದೆ ಎಳೆದೆ. ಧ್ವನಿ ತೆಗೆದ ವಿಡಿಯೋ. ಫುಮಿಯೆ ದಿಂಬಿಗೆ ಒರಗಿ ತಮ್ಮ ಒಳಗನ್ನು ನೋಡತೊಡಗಿದರು. ಹೇಸಲಿಲ್ಲ, ಬೆಚ್ಚಲಿಲ್ಲ. ಇದು ಏನು, ಅದು ಏನು ಎಂದು ಕೇಳಲಿಲ್ಲ. ನಿಲ್ದಾಣದಲ್ಲಿ ರೈಲಿನಿಂದ ಇಳಿಯುವ ಜನರ ನಡುವೆ ಒಂದು ಮುಖ ಹುಡುಕುವವರ ಹಾಗೆ ತೆರೆಯ ಎಡಗಡೆಯನ್ನೇ ನೋಡುತ್ತಿದ್ದರು. ಅಲ್ಲಿ ಸೆನೋ ಇಕ್ಕಳ ಅಲ್ಲಾಡದೆ ನಿಂತಿತ್ತು.

ಇಸೋಗಾಯ್ ಮುಂದಕ್ಕೆ ಓಡಿಸಲೇ ಎಂದು ಕೇಳಿದರು. ಬೇಡ ಎಂದರು. ಗಂಜಿ ಆರಿಹೋಯಿತು. ಬಿಸಿಲು ಹಾಸಿಗೆಯಿಂದ ಇಳಿದು ನೆಲಕ್ಕೆ ಬಂತು. ನಾಳದ ಬುಡದ ಜಾಗ ಬಂದು ಕತ್ತರಿ ನಿಂತಿತು. ನಿಂತೇ ಇತ್ತು. ತೆರೆಯ ನಡುವೆ ತೆಳ್ಳನೆಯ ಪದರವೊಂದು ಮೆಲ್ಲಗೆ ಮೇಲೆದ್ದು ಇಳಿಯಿತು. ಮತ್ತೊಮ್ಮೆ ಎದ್ದು ಇಳಿಯಿತು.

ಫುಮಿಯೆ ದಿಂಬು ಬಿಟ್ಟು ಎದ್ದು ಕೂತರು. ನೋವು ಅವರಿಗೆ ಗೊತ್ತೇ ಆಗಲಿಲ್ಲ. ಬೆರಳು ತೆರೆಯ ಮೇಲೆ ಇಟ್ಟರು.

"ಇಲ್ಲಿ. ಇಲ್ಲಿ ತಟ್ಟಿದ್ರು. ಎರಡು ಸಲ. ನೋಡಿದ್ರಾ?"

ಇಸೋಗಾಯ್ ಈ ಸಲ ಕನ್ನಡಕ ತೆಗೆಯಲೂ ಇಲ್ಲ, ಒರೆಸಲೂ ಇಲ್ಲ.

"ನಾನೂ ಅಲ್ಲಿ ಅವರೇ ಅಂದ್ಕೊಂಡೆ, ಓಕುಸಾನ್. ಕತ್ತರಿ ಹಾಕೋಕೂ ಹೋದೆ" ಎಂದರು. "ಆದ್ರೆ ಎರಡಕ್ಕೆ ನಿಲ್ಲಲಿಲ್ಲ. ನೋಡಿ, ಇನ್ನೂ ಬಡೀತಿದೆ. ಅದರ ಕೆಳಗೇ ಇದ್ದದ್ದು ಮಹಾಧಮನಿ. ಅದು ನಾಡಿ. ನಿಮ್ಮ ನಾಡಿ."

ಫುಮಿಯೆ ಬೆರಳು ತೆಗೆಯಲಿಲ್ಲ. ಬೆರಳಿನ ಕೆಳಗೆ ಆ ಪದರ ಏಳುತ್ತಿತ್ತು, ಇಳಿಯುತ್ತಿತ್ತು.

"ನಂದೊಂದೇನಾ?" ಎಂದು ಕೇಳಿದರು.

"ಹೌದು" ಎಂದರು ಇಸೋಗಾಯ್. "ನಿಮ್ಮೊಬ್ರದೇ."